ವಿಭಾಗದ ಗಣಕಗಳಲ್ಲಿ ಮೂಲ ಬಳಕೆದಾರ ವಿನ್ಯಾಸ: ಕನ್ನಡದ ಅಗತ್ಯಗಳು

ಒಂದೇ ಗಣಕವನ್ನು ಹಲವು ಸಂಶೋಧಕರು ತಮ್ಮ ತಮ್ಮ ಖಾತೆಗಳ ಮೂಲಕ ಬಳಸುವಲ್ಲಿ, ಹೊಸಬರಿಗೆ ಮೊದಲು ಒದಗುವ ಕೀಲಿಮಣೆ ಯಾವುದು ಎಂಬುದು ಕೇವಲ ತಾಂತ್ರಿಕ ಪ್ರಶ್ನೆಯಲ್ಲ. ಅವರ ಪ್ರಬಂಧ ಯಾವ ಸಂಕೇತದಲ್ಲಿ ಉಳಿಯುತ್ತದೆ ಎಂಬುದನ್ನು ಅದು ಬಹುಮಟ್ಟಿಗೆ ನಿರ್ಧರಿಸುತ್ತದೆ. ಹಳೆಯ ಫಾಂಟ್ ಆಧಾರಿತ ಸಂಕೇತದಲ್ಲಿ ಟಂಕಿಸಿದ ಬರೆಹ ಕಣ್ಣಿಗೆ ಕನ್ನಡವಾದರೂ ಗಣಕಕ್ಕೆ ರೋಮನ್ ಅಕ್ಷರ, ಚಿಹ್ನೆಗಳ ರಾಶಿ. ಅದರಲ್ಲಿ ಪದಶೋಧ, ಪದಸೂಚಿಗಳು ನೇರವಾಗಿ ಸಾಧ್ಯವಿಲ್ಲ.

ವಿಂಡೋಸ್‌ನ 'ಯೂಸರ್ಸ್' ಕೋಶದೊಳಗೆ 'ಡಿಫಾಲ್ಟ್' ಎಂಬ ಮರೆಯಾದ ಕೋಶವೊಂದಿದೆ. ಹೊಸ ಖಾತೆಯವರು ಮೊದಲ ಬಾರಿ ಪ್ರವೇಶಿಸಿದಾಗ ಅದರ ನಕಲು ಅವರದಾಗುತ್ತದೆ. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಇದು ಮಾತೃಪ್ರತಿ. ಅದನ್ನು ಅನಂತರ ತಿದ್ದಿದರೆ ಈಗಾಗಲೇ ಹೊರಟ ಪ್ರತಿಗಳು ತಿದ್ದುಪಡಿಗೊಳ್ಳವು. ಆದುದರಿಂದ ಈ ಕೆಲಸ ಪ್ರವೇಶಾತಿಗೆ ಮುನ್ನವೇ ಮುಗಿಯಬೇಕು.

ಕ್ರಮ ಸರಳವಾಗಿದೆ. ಆಡಳಿತ ಖಾತೆಯಲ್ಲಿ ಯೂನಿಕೋಡ್ ಕನ್ನಡ ಕೀಲಿಮಣೆಯನ್ನು ಸೇರಿಸಿ, ನಿಯಂತ್ರಣ ಫಲಕದ 'ರೀಜನ್' ಭಾಗದ 'ಅಡ್ಮಿನಿಸ್ಟ್ರೇಟಿವ್' ಪುಟದಲ್ಲಿ 'ಕಾಪಿ ಸೆಟ್ಟಿಂಗ್ಸ್' ಒತ್ತಿ, ಹೊಸ ಖಾತೆಗಳ ಆಯ್ಕೆಯನ್ನು ಗುರುತಿಸಬೇಕು. ಪರದೆಯ ಇತರ ವಿನ್ಯಾಸಗಳೂ ಸಾಗಬೇಕಾದರೆ 'ಸಿಸ್‌ಪ್ರೆಪ್' ಸಾಧನದ 'ಕಾಪಿಪ್ರೊಫೈಲ್' ಬೇಕು. ಅದನ್ನು ತಂತ್ರಜ್ಞರಿಗೆ ಬಿಡುವುದು ಲೇಸು. ಬಳಕೆಯಲ್ಲಿರುವ ಖಾತೆಯೊಂದರ ಕಡತಗಳನ್ನು ಕೈಯಾರೆ ಡಿಫಾಲ್ಟ್ ಕೋಶಕ್ಕೆ ಸುರಿಯುವುದು ಮಾತ್ರ ಸಲ್ಲದು. ಒಬ್ಬರ ಖಾಸಗಿ ಕುರುಹುಗಳು ಎಲ್ಲರ ಪಾಲಾಗುತ್ತವೆ.

ಮೂಲ ವಿನ್ಯಾಸ ಯಾರನ್ನೂ ಕಟ್ಟಿಹಾಕುವುದಿಲ್ಲ. ಬೇಕಾದವರು ಬದಲಿಸಿಕೊಳ್ಳಬಹುದು, ಹೆಚ್ಚಿನವರು ಬದಲಿಸುವುದಿಲ್ಲ ಅಷ್ಟೆ. ಕೊನೆಗೆ ಹೊಸ ಖಾತೆಯೊಂದನ್ನು ತೆರೆದು 'ಸ್ತ್ರೀ', 'ಕಾರ್ಯ' ಎಂದು ಟಂಕಿಸಿ ಒತ್ತಕ್ಷರ, ಅರ್ಕಾವತ್ತುಗಳನ್ನು ಪರಿಶೀಲಿಸಬೇಕು. ಹಳಗನ್ನಡ ಪಾಠಗಳಿಗೆ ಬೇಕಾದ ಱ, ೞಗಳು ಮೂಡುತ್ತವೆಯೇ ಎಂಬುದನ್ನೂ ನೋಡಬೇಕು.