ತವರಿಗೆ ಹೊರಟ ಬಸುರಿಯ ಚೀಲದಲ್ಲಿ ತಾಯಿ ಕಾರ್ಡ್

ಸೀಮಂತ ಮುಗಿಸಿ ಚೊಚ್ಚಲ ಬಸುರಿಯನ್ನು ತವರಿಗೆ ಕರೆದೊಯ್ಯುವುದು ನಮ್ಮಲ್ಲಿ ಅನೇಕ ಮನೆಗಳ ರೂಢಿ. ಹಸಿರು ಬಳೆ, ಮಡಿಲಕ್ಕಿ, ಹೊಸ ಸೀರೆ ಎಲ್ಲವೂ ನೆನಪಿನಿಂದ ಚೀಲ ಸೇರುತ್ತವೆ. ಬಸುರಿನ ತಪಾಸಣೆಯ ವಿವರಗಳಿರುವ ತಾಯಿ ಕಾರ್ಡ್ ಮಾತ್ರ ಗಂಡನ ಮನೆಯ ಬೀರುವಿನಲ್ಲೇ ಉಳಿದುಬಿಡುತ್ತದೆ.

ಕನಿಷ್ಠ ನಾಲ್ಕು ತಪಾಸಣೆ ಆಗಬೇಕೆಂಬುದು ಸರ್ಕಾರದ ನಿಯಮ. ಮೂರನೆಯದು 28ರಿಂದ 34 ವಾರದೊಳಗೆ, ನಾಲ್ಕನೆಯದು 36ನೇ ವಾರದಿಂದಾಚೆ. ಊರು ಬದಲಾಗುವುದೂ ಇದೇ ಹೊತ್ತಿಗೆ, ಬಿಪಿ ತಲೆಯೆತ್ತುವುದೂ ಹೆಚ್ಚಾಗಿ ಇದೇ ಹೊತ್ತಿಗೆ. 'ತವರಿಗೆ ಹೋದಳು' ಎಂದು ಇಲ್ಲಿಯ ಆಶಾ ಕಾರ್ಯಕರ್ತೆ ಸುಮ್ಮನಾಗುತ್ತಾರೆ. ಅವಳು ಬಂದಿರುವುದೇ ಅಲ್ಲಿಯ ಆಶಾಗೆ ತಿಳಿದಿರುವುದಿಲ್ಲ.

ಹೊರಡುವ ವಾರ

ಒಳ್ಳೆಯ ದಿನ ನೋಡುವ ಮೊದಲು ವೈದ್ಯರನ್ನು ಕೇಳಿ. ಬಿಪಿ ಹೆಚ್ಚಿದ್ದರೆ, ಅವಳಿ ಮಕ್ಕಳಿದ್ದರೆ, ರಕ್ತಸ್ರಾವ ಆಗಿದ್ದರೆ, ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂದಿದ್ದರೆ ಅವರು ಒಪ್ಪದೆ ದೂರದ ಪ್ರಯಾಣ ಬೇಡ. ಬಸ್ಸಿನಲ್ಲಿ ಹಿಂದಿನ ಸೀಟು ಬಿಡಿ. ನಿಲ್ದಾಣ ಬಂದಾಗ ಇಳಿದು ನಾಲ್ಕು ಹೆಜ್ಜೆ ನಡೆಯಿರಿ.

ಹೊರಡುವ ಮೊದಲು ಕಾರ್ಡನ್ನೂ ಬಿಚ್ಚಿ ಓದಿ. ಹೆರಿಗೆಯ ಅಂದಾಜು ದಿನ, ರಕ್ತದ ಗುಂಪು, ಕೊನೆಯ ಬಿಪಿ ಮತ್ತು ಎಚ್‌ಬಿ, ಟಿಡಿ ಚುಚ್ಚುಮದ್ದಿನ ದಿನಾಂಕ ಎಲ್ಲ ತುಂಬಿವೆಯೇ? ಖಾಲಿ ಇದ್ದರೆ ಸಿಸ್ಟರ್ ಹತ್ತಿರ ತುಂಬಿಸಿಕೊಂಡೇ ಹೊರಡಿ. ಎಚ್‌ಬಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 7ರ ಕೆಳಗಿಳಿದರೆ ದೊಡ್ಡಾಸ್ಪತ್ರೆಗೇ ಹೋಗಬೇಕು. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಇನ್ನಷ್ಟು ಎಚ್ಚರ ಬೇಕು. ಆ್ಯಂಟಿ-ಡಿ ಚುಚ್ಚುಮದ್ದನ್ನು ಸಾಮಾನ್ಯವಾಗಿ 28ನೇ ವಾರದಲ್ಲೊಮ್ಮೆ ಕೊಡುತ್ತಾರೆ, ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಮ್ಮೆ. ಮೊದಲನೆಯದು ಆಗಿದೆಯೋ ಇಲ್ಲವೋ ಎಂಬುದು ಹೊಸ ಆಸ್ಪತ್ರೆಯವರಿಗೆ ಕಾರ್ಡಿನಿಂದಲೇ ತಿಳಿಯಬೇಕು.

ಕಾರ್ಡಿನ ಪ್ರತಿ ಪುಟದ ಫೋಟೊ ಗಂಡನ ಫೋನಿನಲ್ಲೂ ಇರಲಿ, ತವರಿನ ಅಣ್ಣನ ಫೋನಿನಲ್ಲೂ ಇರಲಿ.

ತಲುಪಿದ ವಾರ

ನೆಂಟರಿಷ್ಟರ ಊಟದ ಕರೆ ಆಮೇಲೆ. ಮೊದಲ ವಾರದಲ್ಲೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಹೆಸರು ಬರೆಸಿ. ಅಲ್ಲಿಯ ಆಶಾಗೂ ಅಂಗನವಾಡಿಯವರಿಗೂ ತಿಳಿಸಿ. ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರೇ ಉಚಿತವಾಗಿ ನೋಡುತ್ತಾರೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಹೆರಿಗೆ ಎಲ್ಲಿ ಎಂಬುದನ್ನು ನೋವು ಶುರುವಾದ ಮೇಲೆ ಯೋಚಿಸುವಂತಿಲ್ಲ. ರಾತ್ರಿ ವೈದ್ಯರು ಇರುತ್ತಾರೆಯೇ, ಆಪರೇಷನ್ ಬೇಕಾದರೆ ಆಗುತ್ತದೆಯೇ, ರಕ್ತ ಸಿಗುತ್ತದೆಯೇ? ಈ ಮೂರನ್ನು ಮೊದಲೇ ಹೋಗಿ ಕೇಳಿಬನ್ನಿ. ಕೇಳಲು ಸಂಕೋಚಪಡುವ ಗಂಡಸರನ್ನು ಕಂಡಿದ್ದೇನೆ. ಅವರನ್ನೇ ಕಳಿಸಿ, ಸಂಕೋಚವೂ ಬಿಡುತ್ತದೆ.

ಮಾತ್ರೆಯ ವಿಚಾರ

ಕಬ್ಬಿಣಾಂಶದ ಕೆಂಪು ಮಾತ್ರೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ಕಾಫಿ, ಟೀ ಜೊತೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆ ಪಾನಕ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಯನ್ನು ಇದರೊಟ್ಟಿಗೆ ಸೇರಿಸದೆ ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ಮಲ ಕಪ್ಪಗಾದರೆ ಗಾಬರಿ ಬೇಡ. 'ಮಾತ್ರೆ ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟ' ಎಂಬ ಮಾತು ಅಜ್ಜಿಯಿಂದ ಬಂದೇ ಬರುತ್ತದೆ. ಅಜ್ಜಿಗೆ ಎದುರಾಡುವುದು ಬೇಡ, ಮಾತ್ರೆ ಬಿಡುವುದೂ ಬೇಡ.

ಬೆಳಗಾಗಲಿ ಎನ್ನಬಾರದ ಸಂದರ್ಭ

ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ–ಕೈ ಊದುವುದು, ಎದೆಗುಂಡಿಗೆಯ ಕೆಳಗೆ ನೋವು: ಇವು ಬಿಪಿ ಏರಿದ್ದರ ಲಕ್ಷಣವಾಗಿರಬಹುದು. 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಂದೇ ವೈದ್ಯರಿಗೆ ತೋರಿಸಬೇಕು. ರಕ್ತ ಹೋಗುವುದು, ನೀರು ಸೋರುವುದು, ಜ್ವರ, ಫಿಟ್ಸ್ ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ಮಗುವಿನ ಅಲುಗಾಟ ಎಂದಿಗಿಂತ ಕಡಿಮೆ ಅನ್ನಿಸಿದರೂ ಅಂದೇ ಹೊರಡಿ. 'ನಿದ್ದೆ ಮಾಡ್ತಿರಬೇಕು ಬಿಡು' ಎಂದು ತಡಮಾಡಿದ್ದಕ್ಕೆ ಬೆಲೆ ತೆತ್ತ ಮನೆಗಳಿವೆ.

ಹೆರಿಗೆಯಾದ ಮೇಲೂ ಕಾರ್ಡಿನ ಕೆಲಸ ಮುಗಿಯುವುದಿಲ್ಲ. ಮಗುವಿನ 6, 10, 14ನೇ ವಾರದ ಲಸಿಕೆಗಳು ಹೆಚ್ಚಾಗಿ ತವರಿನಲ್ಲೇ ಬೀಳುತ್ತವೆ, ಒಂಬತ್ತನೇ ತಿಂಗಳ ದಡಾರ–ರುಬೆಲ್ಲಾ ಲಸಿಕೆ ಗಂಡನ ಮನೆಯಲ್ಲಿ. ತೊಟ್ಟಿಲು ಹಿಂದೆ ಸಾಗುವ ದಿನ, ಕಾರ್ಡನ್ನು ಡಿಕ್ಕಿಗೆ ತುಂಬದೆ ಬಾಣಂತಿಯ ಕೈಚೀಲದಲ್ಲೇ ಇಡಿ.