ಗುಂಡ್ಲುಹೊಳೆಯಲ್ಲಿ ಎಷ್ಟು ಕಿಲೋವ್ಯಾಟ್ ಇದೆ?

ಕೊಳ್ಳೇಗಾಲದ ಮಗ್ಗುಲಲ್ಲೇ ಇರುವ ಶಿವನಸಮುದ್ರದಿಂದ 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. 1905ರಲ್ಲಿ ಬೆಂಗಳೂರಿಗೂ ಬಂತು. ನೀರು ಇಲ್ಲಿಯದು, ಮೊದಲ ಗಿರಾಕಿ ದೂರದ ಗಣಿ.

ಇದಕ್ಕೆ ಉಲ್ಟಾ ಒಂದು ಉದಾಹರಣೆ ಇಂಗ್ಲೆಂಡಿನ ನ್ಯೂ ಮಿಲ್ಸ್ ಊರಲ್ಲಿದೆ. ಅಲ್ಲಿ ಗಾಯ್ಟ್ ಹೊಳೆಯ ಹಳೇ ಗಿರಣಿ ಜಾಗದಲ್ಲಿ ಊರಿನವರೇ ಷೇರು ಹಾಕಿ 2008ರಲ್ಲಿ 'ಟಾರ್ಸ್ ಹೈಡ್ರೊ' ಶುರುಮಾಡಿದರು. ಟರ್ಬೈನ್ ಬದಲು ಆರ್ಕಿಮಿಡೀಸ್ ಸ್ಕ್ರೂ. ಗರಿಷ್ಠ 63 ಕಿಲೋವ್ಯಾಟ್. ಗಿರಣಿ ಜಾಗವೇ ಏಕೆ? ನೀರು ಬೀಳುವ ಎತ್ತರ ಅಲ್ಲಿ ಮೊದಲೇ ಸಿದ್ಧವಿರುತ್ತೆ.

ಇದನ್ನೇ ಗುಂಡ್ಲುಪೇಟೆಯಲ್ಲಿ ಮಾಡಬಹುದಾ? ಲೆಕ್ಕ ಹಾಕೋಣ. ಸೂತ್ರ ಸುಲಭ:

ಶಕ್ತಿ (ಕಿ.ವ್ಯಾ.) = 9.81 × ಹರಿವು × ಎತ್ತರ × ದಕ್ಷತೆ

ಹರಿವು ಅಳೆಯೋಕೆ ಒಂದು ನಿಂಬೆಹಣ್ಣು ಸಾಕು. 10 ಮೀಟರ್ ನೇರ ಕಾಲುವೆಯಲ್ಲಿ ತೇಲಿಬಿಡಿ. 25 ಸೆಕೆಂಡ್ ಹಿಡಿದರೆ ಮೇಲ್ಮೈ ವೇಗ ಸೆಕೆಂಡಿಗೆ 0.4 ಮೀ. ತಳದಲ್ಲಿ ನೀರು ನಿಧಾನ, ಹಾಗಾಗಿ 0.85ರಿಂದ ಗುಣಿಸಿ: 0.34. ಕಾಲುವೆ 2 ಮೀ. ಅಗಲ, ಅರ್ಧ ಮೀ. ಆಳ ಇದ್ದರೆ ಹರಿವು ಸೆಕೆಂಡಿಗೆ 0.34 ಘನ ಮೀಟರ್. ಎತ್ತರ 3 ಮೀ., ದಕ್ಷತೆ 0.6 ಅಂದುಕೊಂಡರೆ ಸಿಗೋದು 6 ಕಿಲೋವ್ಯಾಟ್. ಪರವಾಗಿಲ್ಲ ಅಲ್ವಾ?

ಈಗ ಬೇಸಿಗೆಗೆ ಬನ್ನಿ. ಹರಿವು 0.03ಕ್ಕೆ ಇಳಿದರೆ ಉಳಿಯೋದು ಅರ್ಧ ಕಿಲೋವ್ಯಾಟ್. ನಂಜನಗೂಡಿನಲ್ಲಿ ಕಪಿಲೆಗೆ ಸೇರುವ ಗುಂಡ್ಲುಹೊಳೆ ಮಳೆ ನೆರಳಿನ ಸೀಮೆಯದು. ಎಷ್ಟೋ ತಿಂಗಳು ಮರಳೇ ಕಾಣುತ್ತೆ. ಆದ್ದರಿಂದ ಆಗಸ್ಟಿನಲ್ಲಿ ಒಂದು ದಿನ ಅಳೆದು ಪ್ರಾಜೆಕ್ಟ್ ರಿಪೋರ್ಟ್ ಬರೆದರೆ ಊರಿನವರ ದುಡ್ಡು ನೀರಲ್ಲಿ ಹೋಮ. ಕನಿಷ್ಠ ಒಂದು ವರ್ಷ, ವಾರಕ್ಕೊಮ್ಮೆ ಅಳೆಯಬೇಕು.

ಇನ್ನೊಂದು ಪ್ರಶ್ನೆ ಸೂತ್ರದಲ್ಲಿ ಇಲ್ಲ. ಜಾಲರಿಗೆ ಕಟ್ಟಿಕೊಂಡ ಕಸ ತೆಗೆಯೋರು ಯಾರು? ಬೇರಿಂಗಿಗೆ ಗ್ರೀಸ್ ಹಾಕೋರು ಯಾರು? ನೀರು ಕಡಿಮೆಯಾದಾಗ ಗದ್ದೆಗೋ, ಯಂತ್ರಕ್ಕೋ? ನಮ್ಮ ಕೆರೆಗಳಲ್ಲಿ ಇದಕ್ಕೆ ಉತ್ತರ ಇತ್ತು: ನೀರುಗಂಟಿ. ತೂಬು ತೆಗೆದು ಸರದಿಯಂತೆ ನೀರು ಬಿಡುತ್ತಿದ್ದ ಅವರಿಗೆ ಊರೇ ಸುಗ್ಗಿಯಲ್ಲಿ ಧಾನ್ಯ ಅಳೆಯುತ್ತಿತ್ತು. ಊರಿನ ವಿದ್ಯುತ್ ಘಟಕಕ್ಕೂ ಅಂಥ ಒಬ್ಬರು, ಅವರಿಗೆ ಸಂಬಳ, ಗದ್ದೆಗೆ ಮೊದಲು ನೀರು ಅನ್ನೋ ಕರಾರು ಇಷ್ಟೂ ಮೊದಲೇ ಬೇಕು.

ಫೈನಲ್ ಇಯರ್ ಗೆಳೆಯರೇ, ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಜೇಬಲ್ಲಿ ನಿಂಬೆಹಣ್ಣು ಇರಲಿ. ತೇಲಿಸೋಕೂ ನೀರಿಲ್ಲದಿದ್ದರೆ ಅದನ್ನೂ ರಿಪೋರ್ಟಿನಲ್ಲಿ ಬರೆಯಿರಿ.