ಸ್ನಾತಕೋತ್ತರ ಪದವಿಯೂ ಪರದೇಶದ ಇಂಗ್ಲಿಷ್ ಬೋಧನೆಯೂ

ಬೆಳಗಾವಿ ನಗರದಲ್ಲಿಯೂ ಖಾನಾಪುರದ ಹಳ್ಳಿಗಳಲ್ಲಿಯೂ ಕನ್ನಡ ಮರಾಠಿಗಳ ನಡುವೆ ಬೆಳೆದ ಅನೇಕ ಮಕ್ಕಳಿಗೆ ಇಂಗ್ಲಿಷ್ ಮೂರನೆಯ ಭಾಷೆ. ಅದನ್ನು ಕಲಿತು ಪರದೇಶದಲ್ಲಿ ಕಲಿಸಬೇಕೆಂಬ ಹಂಬಲವು ಶ್ಲಾಘ್ಯವೇ ಸರಿ. ಅದಕ್ಕಾಗಿ ಹೊಲವನ್ನು ಒತ್ತೆಯಿಟ್ಟು ವಿದೇಶದ ಎಂ.ಎ. ಪದವಿಯನ್ನು ಪಡೆಯಬೇಕೆ, ಮನೆಯಲ್ಲಿ ಕುಳಿತು ಆನ್‌ಲೈನ್ ಪದವಿಯನ್ನು ಗಳಿಸಿದರೆ ಸಾಲದೆ ಎಂಬುದು ವಿಚಾರಾರ್ಹವಾದುದು.

ಪದವಿಗಿಂತ ಮೊದಲು ಆ ದೇಶದ ಕಾನೂನನ್ನು ಅರಿಯಬೇಕು. ದಕ್ಷಿಣ ಕೊರಿಯಾ ಇಂಗ್ಲಿಷ್ ಬೋಧನೆಯ ವೀಸಾವನ್ನು ಸಾಮಾನ್ಯವಾಗಿ ಅಮೆರಿಕ, ಬ್ರಿಟನ್ ಮೊದಲಾದ ಏಳು ದೇಶಗಳ ಪ್ರಜೆಗಳಿಗೆ ಮಾತ್ರ ಕೊಡುತ್ತದೆ. ಲಂಡನ್ನಿನಲ್ಲಿ ಓದಿದ ಮಾತ್ರಕ್ಕೆ ಪೌರತ್ವವು ಬದಲಾಗದು. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಒಪ್ಪಂದವು ಭಾರತೀಯರಿಗೂ ಅಲ್ಲಿಯ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗುವ ಬಾಗಿಲನ್ನು ತೆರೆಯಿತು. ಆದರೆ ಅಲ್ಲಿ ಕೇಳುವುದು ಎಂ.ಎ. ಅಲ್ಲ, ಪದವಿಯೊಡನೆ ಇಂಗ್ಲಿಷ್ ಶಿಕ್ಷಕನೆಂಬ ಅರ್ಹತಾಪತ್ರ.

ಆನ್‌ಲೈನ್ ಪದವಿಯು ಕೀಳೆಂದು ಭಾವಿಸಲಾಗದು. ಮಾನ್ಯತೆಯುಳ್ಳ ಭಾರತೀಯ ಸಂಸ್ಥೆಗಳು ನೀಡುವ ಅಂಥ ಪದವಿಯನ್ನು ಯು.ಜಿ.ಸಿ.ಯ 2020ರ ನಿಯಮಾವಳಿಯು ತರಗತಿಯ ಪದವಿಗೆ ಸಮಾನವೆನ್ನುತ್ತದೆ. ಆ ಸಮಾನತೆಯು ನಮ್ಮ ದೇಶದ್ದು. ಪರದೇಶವನ್ನು ಅದು ಕಟ್ಟಿಹಾಕದು. ಆದುದರಿಂದ ಶುಲ್ಕ ತೆರುವ ಮುನ್ನವೇ ಕೆಲಸ ಕೊಡುವ ಶಾಲೆಯಿಂದಲೂ ರಾಯಭಾರ ಕಚೇರಿಯಿಂದಲೂ ಲಿಖಿತ ಉತ್ತರವನ್ನು ಪಡೆಯುವುದು ವಿವೇಕ.

ಎಂ.ಎ. ಪದವಿಯು ಜ್ಞಾನವನ್ನು ಹಿಗ್ಗಿಸುತ್ತದೆ, ಕಾಲೇಜಿನ ಅಧ್ಯಾಪನಕ್ಕೆ ನೆರವಾಗುತ್ತದೆ. ಶಾಲೆಯ ಬೋಧನೆಗಾದರೋ ಮಕ್ಕಳ ಮುಂದೆ ನಿಂತು ಪಾಠ ಹೇಳಿದ ಅಭ್ಯಾಸವೇ ಮೊದಲು ಬೇಕಾದುದು. ಅದು ಬೆಳಗಾವಿಯ ಬಿ.ಎಡ್. ತರಗತಿಯಲ್ಲಿ, ಖಾನಾಪುರದ ಕಪ್ಪುಹಲಗೆಯ ಮುಂದೆ ದೊರೆಯುವಂಥದು. ಗುರುಗಳು ಶಿಷ್ಯರಿಗೆ ಈ ಕ್ರಮವನ್ನು ತಿಳಿಸಿಕೊಟ್ಟರೆ, ದಾನಿಗಳು ಅದಕ್ಕೆ ಒತ್ತಾಸೆಯಾದರೆ, ಹೊಲವೂ ಉಳಿದೀತು, ಹಂಬಲವೂ ಕೈಗೂಡೀತು.